ಹತ್ತುವ ಮುನ್ನ ಇಳಿಯುವ ಲೆಕ್ಕ

ಡಿಸೆಂಬರಿನ ಯಾವುದಾದರೂ ಶನಿವಾರ, ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಗಿರಿಗದ್ದೆಯ ಭಟ್ಟರ ಮನೆಯ ಅಂಗಳದಲ್ಲಿ ನಿಂತು ನೋಡಬೇಕು. ಕುಮಾರ ಪರ್ವತದಿಂದ ಇಳಿದವರು ಒಬ್ಬೊಬ್ಬರಾಗಿ ಬಂದು ಸೇರುತ್ತಿರುತ್ತಾರೆ. ಒಬ್ಬ ಶೂ ಬಿಚ್ಚಿ ಹೆಬ್ಬೆರಳಿನ ಉಗುರು ಕಪ್ಪಾಗಿದ್ದು ನೋಡುತ್ತಾನೆ. ಇನ್ನೊಬ್ಬಳು ಕೂರಲು ಹೋಗಿ, ತೊಡೆ ಒಪ್ಪದೆ, ಗೆಳತಿಯ ಹೆಗಲು ಹಿಡಿದು ಮೆಲ್ಲಗೆ ಕುಸಿಯುತ್ತಾಳೆ. ಅನ್ನ, ಸಾಂಬಾರು, ಮಜ್ಜಿಗೆ ಹೊಟ್ಟೆಗೆ ಬಿದ್ದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಇಲ್ಲಿಂದ ಕುಕ್ಕೆಗೆ ಇನ್ನೆಷ್ಟು ದೂರ?’ ಉತ್ತರ ಕೇಳಿದೊಡನೆ ಮುಖಗಳು ಬಾಡುತ್ತವೆ. ಇನ್ನೂ ಐದಾರು ಕಿಲೋಮೀಟರ್ ಕಾಡಿನ ಇಳಿಜಾರು ಬಾಕಿ. ಸೂರ್ಯ ಮುಳುಗಲು ಉಳಿದಿರುವುದು ಎರಡೂವರೆ ಗಂಟೆ.

ಆ ಬೆಳಿಗ್ಗೆ ಶಿಖರದಲ್ಲಿ ಕೈಚಾಚಿ ತೆಗೆಸಿಕೊಂಡ ಫೋಟೊ ಸಂಜೆಯೊಳಗೆ ಇನ್‌ಸ್ಟಾಗ್ರಾಂ ಸೇರುತ್ತದೆ. ಅಂಗಳದ ಈ ದೃಶ್ಯ ಸೇರುವುದಿಲ್ಲ. ಹೀಗಾಗಿ ಮುಂದಿನ ವಾರ ಇನ್ನೊಂದಷ್ಟು ಜನ, ಜೀವನದಲ್ಲಿ ಮೊದಲ ಸಲ ಬೆಟ್ಟ ಹತ್ತುವವರು, ನೇರವಾಗಿ ಇದೇ ಬೆಟ್ಟಕ್ಕೆ ಬರುತ್ತಾರೆ.

ಮೊದಲ ಚಾರಣಕ್ಕೆ ಹೊರಟವರು ‘ಯಾವ ಶಿಖರ?’ ಎಂದು ಕೇಳಿ ಯೋಜನೆ ಶುರುಮಾಡುತ್ತಾರೆ. ಶುರುಮಾಡಬೇಕಾದ್ದು ಇನ್ನೊಂದು ತುದಿಯಿಂದ. ವಾಪಸು ಬುಡಕ್ಕೆ ಎಷ್ಟು ಹೊತ್ತಿಗೆ ಬಂದಿರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಯಾವ ಬೆಟ್ಟ, ಎಷ್ಟು ನೀರು, ಎಷ್ಟು ಗಂಟೆಗೆ ಏಳಬೇಕು ಎಂಬುದೆಲ್ಲ ಅದರಿಂದಲೇ ಹೊರಡುತ್ತದೆ.

ಬೆಟ್ಟಕ್ಕೂ ಟಿಕೆಟ್

2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಜನ ಜಾತ್ರೆಯ ಹಾಗೆ ಸಾಲುಗಟ್ಟಿದ ವಿಡಿಯೊ ನೀವೂ ನೋಡಿರಬಹುದು. ಅದರ ಬೆನ್ನಲ್ಲೇ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಸರ್ಕಾರಿ ಜಾಲತಾಣ ಬಂತು. ಒಂದು ಚಾರಣ ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು.

ಇದು ಬರೀ ಗದ್ದಲ ತಪ್ಪಿಸುವ ಉಪಾಯ ಅಲ್ಲ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ, ಕುದುರೆಮುಖ ಇರುವುದು ಅದೇ ಹೆಸರಿನ ರಾಷ್ಟ್ರೀಯ ಉದ್ಯಾನದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಕಾಡಿಗೆ ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ. ‘ಹಿಂದಿನ ದಾರಿಯಿಂದ ಹೋಗಿಬಿಡೋಣ, ಯಾರೂ ಕೇಳಲ್ಲ’ ಎನ್ನುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಅವನ ಮಾತು ಕೇಳಬಾರದು. ದಂಡದ ವಿಷಯ ಹಾಗಿರಲಿ. ಹೆಸರು ನೋಂದಾಯಿಸದೆ ಒಳಹೊಕ್ಕವರು ಸಂಜೆ ಚೆಕ್‌ಪೋಸ್ಟಿಗೆ ವಾಪಸಾಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಬುಕಿಂಗ್ ಮಾಡುವಾಗ ಹಬ್ಬದ ಸಾಲುರಜೆಗಳ ಮೇಲೆ ಕಣ್ಣಿಡಬೇಡಿ. ಆ ದಿನಗಳ ಟಿಕೆಟ್ ಬೇಗ ಮುಗಿಯುತ್ತದೆ. ಸಿಕ್ಕರೂ ಏರಿನಲ್ಲಿ ಮುಂದಿನವರ ಹಿಮ್ಮಡಿ ನೋಡಿಕೊಂಡೇ ನಡೆಯಬೇಕು. ವಾರದ ನಡುವೆ ಒಂದು ರಜೆ ಹಾಕಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಗುರುತಿನ ಚೀಟಿ ಜೊತೆಗಿರಲಿ. ಟಿಕೆಟ್ಟಿನ ಒಂದು ಪ್ರತಿಯನ್ನು ಕಾಗದದಲ್ಲೇ ಇಟ್ಟುಕೊಳ್ಳಿ, ಏಕೆಂದರೆ ಚೆಕ್‌ಪೋಸ್ಟ್ ಇರುವ ಜಾಗದಲ್ಲಿ ನೆಟ್‌ವರ್ಕ್ ಇರುತ್ತದೆ ಎಂಬ ಭರವಸೆ ಇಲ್ಲ. ಮಳೆ ಜೋರಾದಾಗ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯ ಹೆಚ್ಚಾದಾಗ ಇಲಾಖೆ ದಾರಿಗಳನ್ನು ಮುಚ್ಚುತ್ತದೆ. ಹೊರಡುವ ಹಿಂದಿನ ದಿನ ವಿಚಾರಿಸಿಯೇ ಬಸ್ ಹತ್ತಬೇಕು.

ರೈಲ್ವೆ ಹಳಿಯ ಮೇಲಿನ ‘ಟ್ರೆಕ್’ ಬಗ್ಗೆಯೂ ಒಂದು ಮಾತು. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದ ಸುರಂಗ, ಸೇತುವೆಗಳ ಮೇಲೆ ನಡೆದದ್ದನ್ನು ಹಳಬರು ಈಗಲೂ ಹೇಳಿಕೊಳ್ಳುತ್ತಾರೆ. ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ. ಆರು ತಿಂಗಳವರೆಗೆ ಜೈಲಿಗೂ ಅವಕಾಶವಿದೆ. 2023ರ ಜುಲೈನಲ್ಲಿ ದೂಧ್‌ಸಾಗರಕ್ಕೆ ಹಳಿ ಹಿಡಿದು ಹೊರಟವರಿಗೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ದೇಶವೆಲ್ಲ ಸುತ್ತಿತ್ತು.

ಮೊದಲ ಬೆಟ್ಟ ಯಾವುದು?

ನನ್ನ ಉತ್ತರ ಅನೇಕರಿಗೆ ಸಪ್ಪೆ ಅನ್ನಿಸಬಹುದು: ಶಿವಗಂಗೆ. ಬೆಂಗಳೂರು–ತುಮಕೂರು ಹೆದ್ದಾರಿಯ ದಾಬಸ್‌ಪೇಟೆಯಿಂದ ಹತ್ತಿರ. ಎತ್ತರ ಸುಮಾರು 1,370 ಮೀಟರ್. ಗಂಗಾಧರೇಶ್ವರ, ಹೊನ್ನಾದೇವಿ ಗುಡಿಗಳನ್ನು ದಾಟಿ, ಒಳಕಲ್ಲು ತೀರ್ಥದಲ್ಲಿ ಕೈ ಇಳಿಬಿಟ್ಟು ನೀರು ಸಿಕ್ಕಿತೋ ಇಲ್ಲವೋ ನೋಡಿ, ಅಲ್ಲಿಂದ ಬಂಡೆಯಲ್ಲಿ ಕಡಿದ ಕಡಿದಾದ ಮೆಟ್ಟಿಲುಗಳಲ್ಲಿ ಕಂಬಿ ಹಿಡಿದು ಮೇಲಕ್ಕೆ ಹೋಗಬೇಕು. ಕಾಲಿಗೆ ಎಷ್ಟು ಬಲವಿದೆ, ಎತ್ತರದ ಅಂಚಿನಲ್ಲಿ ತಲೆ ಸುತ್ತುತ್ತದೆಯೇ, ಒಂದು ಲೀಟರ್ ನೀರು ಎಷ್ಟು ಬೇಗ ಮುಗಿಯುತ್ತದೆ ಎಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ. ಸಾಕಾಯಿತು ಅನ್ನಿಸಿದಲ್ಲಿಂದ ಹಿಂತಿರುಗಬಹುದು. ಬೇಡವೆಂದರೂ ಸುತ್ತ ಭಕ್ತರು, ಅಂಗಡಿ, ಮಜ್ಜಿಗೆ ಇದ್ದೇ ಇರುತ್ತವೆ. ಚೀಲಕ್ಕೆ ಕೈಹಾಕುವ ಕೋತಿಗಳೂ ಇರುತ್ತವೆ. ತಿಂಡಿಯ ಪೊಟ್ಟಣ ಹೊರಗೆ ಕಾಣದಂತೆ ಇಟ್ಟುಕೊಳ್ಳಿ.

ಎಲ್ಲರೂ ಬೆಂಗಳೂರಿನಲ್ಲಿ ಇರುವುದಿಲ್ಲವಲ್ಲ. ಹೊಸಪೇಟೆ, ಕೊಪ್ಪಳದ ಕಡೆಯವರಿಗೆ ಆನೆಗೊಂದಿ ಬಳಿಯ ಅಂಜನಾದ್ರಿಯ ಮೆಟ್ಟಿಲು ಮತ್ತು ಹಂಪಿಯ ಮಾತಂಗ ಪರ್ವತ, ಚಿತ್ರದುರ್ಗದವರಿಗೆ ಜೋಗಿಮಟ್ಟಿ, ಮಂಡ್ಯ–ಮೈಸೂರಿನವರಿಗೆ ಪಾಂಡವಪುರದ ಕುಂತಿಬೆಟ್ಟ ಇವೆ. ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲಿಗೆ, ಅಂದರೆ ಟಿಪ್ಪುವಿನ ಜಮಾಲಾಬಾದ್ ಕೋಟೆಗೆ, ಸುಮಾರು 1,800 ಮೆಟ್ಟಿಲುಗಳಿವೆ. ಮಳೆಗಾಲದಲ್ಲಿ ಆ ಕಲ್ಲು ಜಾರುವುದರಿಂದ ಒಣ ತಿಂಗಳುಗಳಲ್ಲಷ್ಟೇ ಹೋಗಬೇಕು.

ಮಾಗಡಿ ಪಕ್ಕದ ಸಾವನದುರ್ಗವನ್ನು ಮಾತ್ರ ಮೊದಲ ಬೆಟ್ಟ ಮಾಡಿಕೊಳ್ಳಬೇಡಿ. 1,226 ಮೀಟರ್ ಎಂಬ ಅಂಕಿ ನೋಡಿದರೆ ಶಿವಗಂಗೆಗಿಂತ ಚಿಕ್ಕದು. ಆದರೆ ಅದು ಮೆಟ್ಟಿಲು, ಕಂಬಿ ಇಲ್ಲದ ಬೋಳು ಬಂಡೆ. ಗುರುತಿನ ಬಾಣ ತಪ್ಪಿದರೆ ಎಲ್ಲಿ ನೋಡಿದರೂ ಒಂದೇ ಥರ ಕಾಣುವ ಇಳಿಜಾರು, ಎರಡು ಹನಿ ಮಳೆ ಬಿದ್ದರೆ ಜಾರುಬಂಡೆ. ಬೆಟ್ಟದ ಕಷ್ಟವನ್ನು ಸಮುದ್ರಮಟ್ಟದ ಎತ್ತರದಿಂದ ಅಳೆಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದೆ. ನೆತ್ತಿಯ ಹತ್ತಿರದವರೆಗೂ ಕಾರು ಹೋಗುತ್ತದೆ! ಕೇಳಬೇಕಾದ್ದು, ನೀವು ನಡೆಯಲು ಶುರುಮಾಡುವ ಜಾಗದಿಂದ ಎಷ್ಟು ಮೀಟರ್ ಮೇಲೇರಬೇಕು ಎಂಬುದನ್ನು.

1892ರ ಒಂದು ಸೂತ್ರ

ಈ ಏರಿನ ಲೆಕ್ಕಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಪ್ರತಿ ಮೂರು ಮೈಲಿಗೆ ಒಂದು ಗಂಟೆ. ಪ್ರತಿ ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ ಸೇರಿಸು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಆರುನೂರು ಮೀಟರ್ ಏರಿಗೆ ಒಂದು ಗಂಟೆ. ಅದು ಅಭ್ಯಾಸವಿರುವ, ನಡುವೆ ಕೂರದೆ ನಡೆಯುವ ಮನುಷ್ಯನ ವೇಗ. ಹೊಸಬರು ಬಂದ ಉತ್ತರಕ್ಕೆ ಅರ್ಧದಷ್ಟು ಸೇರಿಸಿಕೊಳ್ಳಬೇಕು.

ಕುಮಾರ ಪರ್ವತಕ್ಕೆ ಇದನ್ನು ಹಾಕಿ ನೋಡಿ. ಕುಕ್ಕೆಯಿಂದ ಒಂದು ದಿಕ್ಕಿಗೆ ಸುಮಾರು ಹನ್ನೆರಡು ಕಿಲೋಮೀಟರ್. ಶಿಖರ 1,712 ಮೀಟರ್, ಕುಕ್ಕೆ ಘಟ್ಟದ ಬುಡದ ಊರು. ಏರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು. ದೂರಕ್ಕೆ ಎರಡೂವರೆ ಗಂಟೆ, ಏರಿಗೆ ಎರಡೂವರೆ ಗಂಟೆ, ಒಟ್ಟು ಐದು. ಹೊಸಬರಿಗೆ ಏಳೂವರೆ. ದಣಿದ ಕಾಲಲ್ಲಿ ಇಳಿಯಲು ಇನ್ನೊಂದು ಐದು. ಮೇಲೆ ಕೂತು ಬುತ್ತಿ ಬಿಚ್ಚದೆಯೂ ಹನ್ನೆರಡೂವರೆ ಗಂಟೆ ಆಯಿತು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಇರುವುದು ಹನ್ನೊಂದೂವರೆ ಗಂಟೆಗಿಂತ ಕಡಿಮೆ. ಶಿಖರದ ಮೇಲೆ ರಾತ್ರಿ ತಂಗುವಂತಿಲ್ಲ. ಗಿರಿಗದ್ದೆಯ ಅಂಗಳದಲ್ಲಿ ಮುಖಗಳು ಬಾಡುವುದಕ್ಕೆ ಕಾರಣ ಈ ಗಣಿತವೇ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹೊರಟರೆ ದಾರಿ ಚಿಕ್ಕದು, ಆದರೆ ಅಲ್ಲಿ ಬಂಡೆಗಳ ಕಡಿದಾದ ಏರು ಕಾದಿರುತ್ತದೆ.

ಈಗ ಕೊಡಗಿನ ತಡಿಯಂಡಮೋಳ್ ನೋಡಿ. 1,748 ಮೀಟರ್, ಅಂದರೆ ಕುಮಾರ ಪರ್ವತಕ್ಕಿಂತ ಎತ್ತರ. ಆದರೆ ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಬಳಿಯಿಂದ ನಡೆದರೆ ಏರಬೇಕಾದ್ದು ಏಳುನೂರು ಮೀಟರಿನ ಆಸುಪಾಸು, ದೂರ ಆರೇಳು ಕಿಲೋಮೀಟರ್. ಹೊಸಬರಿಗೂ ನಾಲ್ಕು ಗಂಟೆ ಹತ್ತಲು, ಮೂರು ಗಂಟೆ ಇಳಿಯಲು. ಬೆಳಿಗ್ಗೆ ಎಂಟಕ್ಕೆ ಹೊರಟರೂ ಹಗಲಿರುವಾಗಲೇ ಬುಡಕ್ಕೆ ಬಂದು ಕಾಫಿ ಕುಡಿಯಬಹುದು. ಶಿವಗಂಗೆ ಸಲೀಸು ಅನ್ನಿಸಿದವರು ಮುಂದಿನ ಸಲ ಹೋಗಬೇಕಾದ್ದು ಇಂಥ ಕಡೆಗೆ.

ಇನ್ನು ಹಿಂದಕ್ಕೆ ಎಣಿಸುವ ಕ್ರಮ. ಚಳಿಗಾಲದಲ್ಲಿ ಸೂರ್ಯ ಆರಕ್ಕೆ ಮುಳುಗಿದರೂ ಶೋಲಾ ಕಾಡಿನೊಳಗೆ ಐದೂವರೆಗೇ ಕತ್ತಲು. ನಾಲ್ಕೂವರೆಗೆ ಬುಡದಲ್ಲಿರಬೇಕು ಎಂದುಕೊಳ್ಳಿ. ಇಳಿಯಲು ಮೂರು ಗಂಟೆ ಬೇಕಾದರೆ ಒಂದೂವರೆಗೆ ಶಿಖರ ಬಿಡಬೇಕು. ಅದೇ ನಿಮ್ಮ ಗಡುವು. ಒಂದೂವರೆಗೆ ಎಲ್ಲೇ ಇದ್ದರೂ, ಶಿಖರ ನೂರು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ತಿರುಗಬೇಕು. ಇದನ್ನು ಬುಡದಲ್ಲೇ, ಎಲ್ಲರೂ ಲವಲವಿಕೆಯಿಂದ ಇರುವಾಗಲೇ ಬಾಯಿಬಿಟ್ಟು ಹೇಳಿ ಒಪ್ಪಿಸಿಕೊಳ್ಳಬೇಕು. ಮೇಲೆ ಹೋದ ಮೇಲೆ ‘ಇಷ್ಟು ಬಂದಿದ್ದೇವೆ, ಇನ್ನೊಂಚೂರು’ ಎನ್ನುವ ಮಾತಿನ ಮುಂದೆ ಯಾರ ವಿವೇಕವೂ ನಿಲ್ಲುವುದಿಲ್ಲ.

ನಿದ್ದೆಯಿಲ್ಲದ ರಾತ್ರಿ

ಬೆಂಗಳೂರಿನ ವಾರಾಂತ್ಯದ ಚಾರಣಗಳಿಗೆ ಒಂದು ಸಿದ್ಧ ಅಚ್ಚು ಇದೆ. ಶುಕ್ರವಾರ ಆಫೀಸು ಮುಗಿಸಿ ರಾತ್ರಿ ಹತ್ತಕ್ಕೆ ಟೆಂಪೊ ಟ್ರಾವೆಲರ್, ಅಂತ್ಯಾಕ್ಷರಿ, ನಡುರಾತ್ರಿ ಹೆದ್ದಾರಿ ಢಾಬಾದಲ್ಲಿ ಟೀ, ಬೆಳಗಿನ ಜಾವ ಘಟ್ಟದ ತಿರುವುಗಳಲ್ಲಿ ವಾಂತಿ, ಏಳಕ್ಕೆ ಅವಲಕ್ಕಿ ತಿಂದು ಏರಲು ಶುರು. ಅಂದೇ ರಾತ್ರಿ ಅದೇ ಡ್ರೈವರ್ ವಾಪಸು ಓಡಿಸುತ್ತಾನೆ.

ಇಡೀ ಯೋಜನೆಯಲ್ಲಿ ಅತ್ಯಂತ ಅಪಾಯದ ಭಾಗ ಇದು ಎಂದು ನನ್ನ ಖಚಿತ ಅಭಿಪ್ರಾಯ. ಹುಲಿಯದೂ ಹಾವಿನದೂ ಭಯ ಆಮೇಲೆ. ನಿದ್ದೆಗೆಟ್ಟ ಕಾಲು ಎಡವುತ್ತದೆ, ನಿದ್ದೆಗೆಟ್ಟ ತಲೆ ದಾರಿಯ ಗುರುತು ಬಿಡುತ್ತದೆ, ನಿದ್ದೆಗೆಟ್ಟ ಡ್ರೈವರ್ ಏನು ಮಾಡಬಲ್ಲ ಎಂಬುದನ್ನು ವಿವರಿಸಬೇಕಿಲ್ಲ. ಹಿಂದಿನ ಸಂಜೆಯೇ ಊರು ಸೇರಿ, ಹೋಂಸ್ಟೇಯಲ್ಲೋ ದೇವಸ್ಥಾನದ ವಸತಿಗೃಹದಲ್ಲೋ ಮಲಗಿ ಎದ್ದು ಹತ್ತುವುದು ಖರ್ಚಿನಲ್ಲಿ ಸ್ವಲ್ಪ ಹೆಚ್ಚು. ಆ ಹಣವನ್ನು ಬೇಕಿದ್ದರೆ ಶೂ ಬೆಲೆಯಲ್ಲಿ ಉಳಿಸಿ, ನಿದ್ದೆಯಲ್ಲಿ ಬೇಡ.

ದುಡ್ಡು ಕೊಟ್ಟು ಸಂಘಟಕರ ಜೊತೆ ಹೋಗುವುದಾದರೆ ಫೋನಿನಲ್ಲೇ ನಾಲ್ಕು ಮಾತು ಕೇಳಿ. ಅನುಮತಿ ಯಾರ ಹೆಸರಿನಲ್ಲಿದೆ, ಎಷ್ಟು ಜನಕ್ಕೆ ಒಬ್ಬ ಮುಂದಾಳು, ಪ್ರಥಮ ಚಿಕಿತ್ಸೆ ಕಲಿತವರಿದ್ದಾರೆಯೇ, ವಾಹನಕ್ಕೆ ಎರಡನೇ ಡ್ರೈವರ್ ಇದ್ದಾನೆಯೇ. ಉತ್ತರದ ಬದಲು ‘ನೀವು ಬನ್ನಿ ಸಾರ್, ಎಲ್ಲ ನಾವು ನೋಡ್ಕೋತೀವಿ’ ಎಂದರೆ ಬೇರೆಯವರನ್ನು ಹುಡುಕಿ. ಊರಿನವನೇ ಗೈಡ್ ಸಿಕ್ಕರೆ ಸಂತೋಷದಿಂದ ದುಡ್ಡು ಕೊಡಿ. ಯಾವ ತೊರೆಯಲ್ಲಿ ನೀರಿದೆ, ನಿನ್ನೆ ಆನೆ ಯಾವ ಕಡೆ ದಾಟಿತು ಎಂಬುದು ಅವನಿಗೆ ಮಾತ್ರ ಗೊತ್ತು.

ತೊಡೆಗೆ ಪಾಠ

ಹತ್ತುವಾಗ ಏದುಸಿರು ಬರುತ್ತದೆ, ಎದೆ ಬಡಿದುಕೊಳ್ಳುತ್ತದೆ. ನಿಂತು ಸುಧಾರಿಸಿಕೊಂಡರೆ ಐದು ನಿಮಿಷಕ್ಕೆ ಸರಿಹೋಗುತ್ತದೆ. ಇಳಿಯುವಾಗಿನ ಕಷ್ಟ ಬೇರೆ. ಪ್ರತಿ ಹೆಜ್ಜೆಯಲ್ಲೂ ಮೈಭಾರ ಕೆಳಕ್ಕೆ ನುಗ್ಗುತ್ತದೆ, ತೊಡೆಯ ಮುಂಭಾಗದ ಸ್ನಾಯು ಅದನ್ನು ಘಟ್ಟ ಇಳಿಯುವ ಲಾರಿಯ ಬ್ರೇಕಿನ ಹಾಗೆ ಹಿಡಿದು ನಿಲ್ಲಿಸಬೇಕು. ಈ ಕೆಲಸ ಮಾಡುವಾಗ ಸ್ನಾಯು ಹಿಗ್ಗುತ್ತಲೇ ಭಾರ ತಡೆಯುತ್ತದೆ. ಅದರಿಂದಲೇ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ಮೊಣಕಾಲು ನಡುಗಲು ಶುರುವಾದ ಮೇಲೆ ಎಷ್ಟು ಕೂತರೂ ನಡುಕ ಪೂರ್ತಿ ಹೋಗುವುದಿಲ್ಲ. ಕಾಲು ಉಳುಕುವುದು, ಜಾರಿ ಬೀಳುವುದು ಹೆಚ್ಚಾಗಿ ಈ ಹೊತ್ತಿನಲ್ಲೇ.

ಜಿಮ್ಮಿನ ಟ್ರೆಡ್‌ಮಿಲ್ ಇದಕ್ಕೆ ತಯಾರಿ ಆಗುವುದಿಲ್ಲ. ತಿಂಗಳು, ಒಂದೂವರೆ ತಿಂಗಳು ಮುಂಚೆಯೇ ದಿನಾ ಮುಕ್ಕಾಲು ಗಂಟೆ ಬಿರುಸಿನ ನಡಿಗೆ ರೂಢಿಸಿಕೊಳ್ಳಿ. ವಾರಕ್ಕೆ ಮೂರು ದಿನ ಅಪಾರ್ಟ್‌ಮೆಂಟಿನದೋ ಆಫೀಸಿನದೋ ಮೆಟ್ಟಿಲು ಹತ್ತಿ, ಹೆಚ್ಚು ನಿಧಾನವಾಗಿ ಇಳಿಯಿರಿ. ಲಿಫ್ಟಿನಲ್ಲಿ ಹೋಗಿ ಮೆಟ್ಟಿಲಲ್ಲಿ ಇಳಿಯುವುದು ನೋಡುವವರಿಗೆ ವಿಚಿತ್ರ ಎನಿಸಬಹುದು, ಆದರೆ ತೊಡೆಗೆ ಬೇಕಾದ ಪಾಠ ಅದೇ. ಕೊನೆಯ ಎರಡು ವಾರ ನೀರಿನ ಬಾಟಲಿ ತುಂಬಿದ ಚೀಲ ಬೆನ್ನಿಗಿರಲಿ. ಬೆಟ್ಟದಲ್ಲಿ ಇಳಿಯುವಾಗ ಚಿಕ್ಕ ಹೆಜ್ಜೆ, ಮೊಣಕಾಲು ತುಸು ಬಾಗಿರಬೇಕು, ಕೈಯಲ್ಲೊಂದು ಕೋಲು. ಬಿಪಿ, ಸಕ್ಕರೆ, ಉಬ್ಬಸ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಹೊರಡಬಾರದು.

ತಂಡದ ವೇಗ ಯಾವಾಗಲೂ ಎಲ್ಲರಿಗಿಂತ ಹಿಂದಿರುವವರ ವೇಗ. ಅವರನ್ನು ಮುಂದಿನ ಸಾಲಿಗೆ ತನ್ನಿ. ಅನುಭವಿಯೊಬ್ಬರು ಕೊನೆಯಲ್ಲಿ ಬರಲಿ, ಅವರ ಹಿಂದೆ ಯಾರೂ ಉಳಿಯಬಾರದು.

ಚೀಲದೊಳಗೆ

ದುಬಾರಿ ಸಾಮಾನು ಬೇಕಾಗಿಲ್ಲ. ಹೊಸ ಶೂ ಕೊಂಡು ಅದೇ ದಿನ ಬೆಟ್ಟಕ್ಕೆ ಹೋಗುವುದಕ್ಕಿಂತ ಒಳ್ಳೆಯ ಹಿಡಿತವಿರುವ ಹಳೆಯ ಶೂ ಲೇಸು. ಹೊಸದೇ ಆದರೆ ಎರಡು ವಾರ ಹಾಕಿ ಪಳಗಿಸಿ. ಶೂ ಅರ್ಧ ಅಳತೆ ದೊಡ್ಡದಿರಲಿ, ಕಾಲುಗುರು ಕತ್ತರಿಸಿರಲಿ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಒತ್ತಿ ಒತ್ತಿಯೇ ಉಗುರು ಕಪ್ಪಾಗುವುದು. ಜೀನ್ಸ್ ಬೇಡ. ಒದ್ದೆಯಾದರೆ ಭಾರವಾಗುತ್ತದೆ, ಬೇಗ ಒಣಗುವುದಿಲ್ಲ, ತೊಡೆ ಸಂದಿ ತರಚುತ್ತದೆ. ಮಳೆಗೆ ಬೆನ್ನಿನ ಚೀಲವನ್ನೂ ಮುಚ್ಚುವ ಪೊಂಚೊ ಸಾಕು. ಮಲೆನಾಡಿನ ಗದ್ದೆಗಳಲ್ಲಿ ಗೊರಬೆ, ಕಂಬಳಿ ಕೊಪ್ಪೆ ಮಾಡುತ್ತಿದ್ದ ಕೆಲಸವೂ ಇದೇ: ಎರಡೂ ಕೈಯನ್ನು ಬಿಡುವಾಗಿಡುವುದು. ಛತ್ರಿ ಹಿಡಿದು ಬೆಟ್ಟ ಹತ್ತಲಾಗದು.

ನೀರು ತಲೆಗೆ ಮೂರು ಲೀಟರ್, ಅಂದರೆ ಮೂರು ಕೆ.ಜಿ. ಭಾರ. ಮಳೆಗಾಲದ ತೊರೆಗಳನ್ನು ನಂಬಿ ಜನವರಿಯಲ್ಲಿ ಹೋಗಬೇಡಿ. ಬೆವರಿನ ಜೊತೆ ಉಪ್ಪೂ ಹೋಗುವುದರಿಂದ ಬರೀ ನೀರು ಕುಡಿಯುತ್ತಾ ಹೋದರೆ ತಲೆನೋವು, ವಾಕರಿಕೆ ಬರಬಹುದು. ಮೆಡಿಕಲ್ ಅಂಗಡಿಯ ಒಆರ್‌ಎಸ್ ಪೊಟ್ಟಣ ಎರಡಿರಲಿ. ಊಟಕ್ಕೆ ಚಪಾತಿ–ಚಟ್ನಿಪುಡಿ, ಚಿತ್ರಾನ್ನ. ದಾರಿಗೆ ಕಡಲೆಚಿಕ್ಕಿ, ಬಾಳೆಹಣ್ಣು. ತಿಂದ ಪೊಟ್ಟಣದ ಕಸ ವಾಪಸು ನಿಮ್ಮ ಚೀಲದಲ್ಲೇ ಬರಬೇಕು. ಹಗಲಿನ ಚಾರಣವೇ ಆದರೂ ತಲೆಗೆ ಕಟ್ಟುವ ಟಾರ್ಚ್ ಇರಲಿ, ಏಕೆಂದರೆ ಮೊಬೈಲ್ ಟಾರ್ಚ್ ಉರಿಸಿ ಬ್ಯಾಟರಿ ಮುಗಿಸಿದವನು ಆಮೇಲೆ ಕರೆ ಮಾಡಲಾರ. ಸಿಳ್ಳೆ, ಬ್ಯಾಂಡೇಜ್, ನಿಮ್ಮ ಮಾಮೂಲಿ ಮಾತ್ರೆಗಳು. ಘಮಘಮಿಸುವ ಸೆಂಟು ಮನೆಯಲ್ಲೇ ಇರಲಿ. ಬಂಡೆಬೆಟ್ಟಗಳ ಹೆಜ್ಜೇನಿಗೆ ಅದೂ ಇಷ್ಟವಿಲ್ಲ, ಹೊಗೆಯೂ ಇಷ್ಟವಿಲ್ಲ.

ಆಕಾಶ ನೋಡುವುದು

ಸಾವಿರ ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅದಕ್ಕೆ ಗಾಳಿ ಮತ್ತು ಒದ್ದೆ ಬಟ್ಟೆ ಸೇರಿದರೆ ನಮ್ಮ ಘಟ್ಟದಲ್ಲೂ ಹಲ್ಲು ಕಟಕಟಿಸುವ ಚಳಿ. ಮಳೆ ನಿಂತು ಹುಲ್ಲು ಇನ್ನೂ ಹಸಿರಿರುವ ಅಕ್ಟೋಬರಿನಿಂದ ಜನವರಿವರೆಗಿನ ಕಾಲ ಹೊಸಬರಿಗೆ ಹದ. ಜೂನ್‌ನಿಂದ ಸೆಪ್ಟೆಂಬರಿನ ಮಂಜು ಮುಸುಕಿದ ಹುಲ್ಲುಗಾವಲು ಚೆಂದವೇನೋ ಹೌದು, ಆದರೆ ಹತ್ತಡಿ ಮುಂದಿನ ದಾರಿ ಕಾಣುವುದಿಲ್ಲ, ಬೆಳಿಗ್ಗೆ ಹಿಮ್ಮಡಿ ಮುಳುಗದ ಹಳ್ಳ ಮಧ್ಯಾಹ್ನಕ್ಕೆ ಸೊಂಟದವರೆಗೆ ಬಂದಿರುತ್ತದೆ.

ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ ಸಿಡಿಲಿನ ಭಯ. ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ಬೋಳು ನೆತ್ತಿ, ಒಂಟಿ ಮರ, ಕಬ್ಬಿಣದ ಕಂಬಿ ಬಿಟ್ಟು ತಕ್ಷಣ ತಗ್ಗಿಗೆ ಇಳಿಯಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು.

ಹವೆ ಕೆಟ್ಟರೆ ಅನುಭವ ಇದ್ದವರೂ ಅಸಹಾಯಕರು. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕ ಕರ್ನಾಟಕದ ತಂಡದ ಒಂಬತ್ತು ಮಂದಿ ತೀರಿಕೊಂಡರು. ಹಿಮಾಲಯದ ಕನಸು ಕಾಣುವವರು ಮೊದಲು ಸಹ್ಯಾದ್ರಿಯಲ್ಲಿ ಒಂದೆರಡು ವರ್ಷ ಕಳೆಯಲಿ.

ದಾರಿ ತಪ್ಪಿದರೆ

ನಕ್ಷೆಯನ್ನು ಊರಿನಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆಗೆ ಬೇಕು. ಹತ್ತುವಾಗ ಕವಲು ಸಿಕ್ಕಲ್ಲೆಲ್ಲ ಹಿಂತಿರುಗಿ ನೋಡಿ. ಇಳಿಯುವಾಗ ಕಾಣುವುದು ಆ ನೋಟ.

ದಾರಿ ತಪ್ಪಿದೆ ಅನ್ನಿಸಿದರೆ ನಿಲ್ಲಬೇಕು. ಗೊತ್ತಿದ್ದ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಮರಳಲು ಆಗುವುದಾದರೆ ಮರಳಿ, ಇಲ್ಲದಿದ್ದರೆ ಅಲ್ಲೇ ಕೂತು ಸಿಳ್ಳೆ ಊದಿ. ‘ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ’ ಎಂಬ ಮಾತು ಬಯಲುಸೀಮೆಗೆ ಸರಿ. ಪಶ್ಚಿಮ ಘಟ್ಟದ ಹಳ್ಳ ಊರಿಗೆ ಮೊದಲು ಜಲಪಾತದ ತುದಿಗೆ ಕರೆದೊಯ್ಯುತ್ತದೆ. 2019ರ ಸೆಪ್ಟೆಂಬರಿನಲ್ಲಿ ಕುಮಾರ ಪರ್ವತದಿಂದ ಇಳಿಯುವಾಗ ತಂಡದಿಂದ ಬೇರೆಯಾದ ಬೆಂಗಳೂರಿನ ಯುವಕನೊಬ್ಬ ಎರಡು ದಿನಗಳ ನಂತರ ಸುರಕ್ಷಿತವಾಗಿ ಹೊರಬಂದ. ಅವನು ಹಿಡಿದದ್ದು ನೀರಿನ ಪೈಪಿನ ಜಾಡನ್ನು.

ಯಾವ ಬೆಟ್ಟ, ಯಾವ ಕಡೆಯಿಂದ, ಯಾರ ಜೊತೆ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಬರೆದು ಕೊಟ್ಟಿರಿ. ಇಂತಿಷ್ಟು ಹೊತ್ತಿಗೆ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಿ ಎಂದೂ ಬರೆಯಿರಿ. ಅಪ್ಪ–ಅಮ್ಮನಿಗೆ ‘ಫ್ರೆಂಡ್ ಮದುವೆ’ ಎಂದು ಹೇಳಿ ಬೆಟ್ಟಕ್ಕೆ ಹೋಗುವವರು ಈ ಒಂದು ಕಾಗದವನ್ನು ರೂಂಮೇಟಿಗಾದರೂ ಕೊಡಲಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಚೀಪುವುದು ಏನೂ ಬೇಡ. ಕಾಲು ಅಲುಗದಂತೆ ಇಟ್ಟು, ಹೊತ್ತುಕೊಂಡು ಇಳಿಸಿ 108ರಲ್ಲಿ ಆಸ್ಪತ್ರೆ ಸೇರಿಸಬೇಕು.

ಮನೆಗೆ ಬಂದ ಮೇಲೆ

ಮಲೆನಾಡಿಗೆ ಹೋಗಿಬಂದವರೆಲ್ಲ ಇಂಬಳದ ಕಥೆ ಹೇಳುತ್ತಾರೆ. ಅದು ನೋವಿಲ್ಲದೆ ಹತ್ತಿ, ರಕ್ತ ಹೆಪ್ಪುಗಟ್ಟದ ರಸ ಬಿಟ್ಟು, ಹೊಟ್ಟೆ ತುಂಬಿದ ಮೇಲೆ ತಾನೇ ಉದುರುತ್ತದೆ. ಉಗುರಿನಿಂದ ಪಕ್ಕಕ್ಕೆ ಸರಿಸಿದರೂ ಸಾಕು. ಊರಿನವರು ಕಾಲಿಗೆ ಹೊಗೆಸೊಪ್ಪಿನ ನೀರನ್ನೋ ಸುಣ್ಣವನ್ನೋ ಹಚ್ಚಿಕೊಳ್ಳುತ್ತಾರೆ. ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ, ತುರಿಸುತ್ತದೆ, ಅಷ್ಟೇ.

ಹೆದರಬೇಕಾದ್ದು ಕಣ್ಣಿಗೂ ಸರಿಯಾಗಿ ಕಾಣದ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಟ ಹೆಚ್ಚು, ಅಂದರೆ ಚಾರಣದ ಹಂಗಾಮಿನಲ್ಲೇ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಿಗೆ ಹೋಗುವವರು ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ಅಲ್ಲಿನ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಬೇಕು. ತರಗೆಲೆಯ ಮೇಲೆ ಮಲಗಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಬೇಕು. ಮನೆ ಸೇರಿದೊಡನೆ ಬಿಸಿನೀರಿನ ಸ್ನಾನ, ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ ಬೆಳಕಿನಲ್ಲಿ ನೋಡಿಕೊಳ್ಳುವುದು, ತೊಟ್ಟ ಬಟ್ಟೆ ನೇರ ಬಿಸಿನೀರಿಗೆ.

ತೊಡೆನೋವು ಮರುದಿನಕ್ಕಿಂತ ಎರಡನೇ ದಿನ ಹೆಚ್ಚು, ಮೂರು–ನಾಲ್ಕನೇ ದಿನಕ್ಕೆ ಇಳಿಯುತ್ತದೆ. ಅದಕ್ಕೆ ಗಾಬರಿ ಬೇಡ. ಆದರೆ ಮಂಗನ ಕಾಯಿಲೆಯಲ್ಲೂ ಮೈಕೈ ನೋವು ಬರುತ್ತದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವಿನೊಂದಿಗೆ ಅದು ಶುರುವಾಗುತ್ತದೆ. ಬೆಟ್ಟ ಹತ್ತಿದ ಸುಸ್ತು ಎಂದುಕೊಂಡು ಮಾತ್ರೆ ನುಂಗಿ ಮಲಗಬೇಡಿ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಕೂತ ವೈದ್ಯರಿಗೆ ನೀವು ಹೇಳದೆ ಗೊತ್ತಾಗುವುದಿಲ್ಲ. ಕಾಡಿನಿಂದ ಬಂದ ಎರಡು ವಾರದೊಳಗೆ ಜ್ವರ ಬಂದರೆ, ಯಾವ ತಾಲ್ಲೂಕಿನ ಯಾವ ಬೆಟ್ಟಕ್ಕೆ ಹೋಗಿದ್ದಿರಿ ಎಂಬುದನ್ನೇ ಮೊದಲು ಹೇಳಿ.